ಎದ್ದು ನಿಲ್ಲದ ಮರಗಳು

ಓಂಕಾರಮೂರ್ತಿಯ ಎಡಗಡೆ ನಡೆಯುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಹೋದ ವರ್ಷ ಕಡೂರಿನಲ್ಲಿ ಅವನ ಶವವನ್ನು ಹೂವಿನ ಮಂಟಪದಲ್ಲಿ ಕೂರಿಸಿ ಹೊತ್ತು ಹೊರಟಾಗಲೂ ನಾನು ಎಡಗಡೆಗೇ ಹೋಗಿ ಹೆಗಲು ಕೊಟ್ಟೆ. ಸ್ವಲ್ಪ ದೂರ ಹೋದಮೇಲೆ ಯಾರೋ ಹೆಗಲು ಬದಲಾಯಿಸಲು ಬಂದರು. ನಾನು ಬಿಡಲಿಲ್ಲ. ಆ ಕಡೆಯಿಂದ ಏನು ಬಂದರೂ ಅವನಿಗೆ ಕಾಣುವುದಿಲ್ಲ ಎನ್ನುವುದು ಹತ್ತು ವರ್ಷದಿಂದ ನನ್ನ ಮೈಗೆ ಗೊತ್ತಿದ್ದ ಸಂಗತಿ.

ಅವನ ಬಗ್ಗೆ ಪತ್ರಿಕೆಯಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. ವಿಮಾನದಿಂದ ತೆಗೆದ ಫೋಟೋಗಳನ್ನು ನೋಡಿ, ಯಾವ ಜಾಗದಲ್ಲಿ ಎಷ್ಟು ಮರವಿದೆ ಎಂದು ಗುರುತು ಹಾಕುವ ಕೆಲಸ ಮಾಡುತ್ತಿದ್ದ. ಕಡೂರಿನ ಕೊಬ್ಬರಿ ಮಂಡಿಯವರಿಗೆ ಅದೊಂದು ತಮಾಷೆ. "ಏನಪ್ಪಾ ಮೂರ್ತಿ, ನಮ್ ತೋಟದಲ್ಲಿ ಕಾಯಿ ಎಷ್ಟವೆ ಅಂತ ಮೇಲಿಂದ್ಲೇ ನೋಡಿ ಹೇಳ್ಬಿಡು, ಮರ ಹತ್ತೋನ ಕೂಲಿ ಉಳೀತದೆ" ಎನ್ನುತ್ತಿದ್ದರು. "ಕಾಯಿ ಕಾಣಲ್ಲ ಕಣ್ರೀ, ನೀವು ಪಕ್ಕದೋರ ಬೇಲಿ ಒತ್ತಿರೋದು ಮಾತ್ರ ಕಾಣ್ತದೆ" ಎಂದು ಇವನು ನಗುತ್ತಿದ್ದ. ಆ ನಗುವಿನ ಕೆಳಗೆ ಅವನು ಎಷ್ಟು ಹೆದರಿದ್ದನೆಂದು ಗೊತ್ತಿದ್ದದ್ದು ನನಗೊಬ್ಬನಿಗೆ.

ಹೆದರಿಕೆ ಅವನಿಗೆ ಮನೆಯಿಂದಲೇ ಬಂದದ್ದು. ಅವನ ಅಪ್ಪ ಮಲ್ಲಿಕಾರ್ಜುನಯ್ಯನವರು ಕೊಬ್ಬರಿ ವ್ಯಾಪಾರಿ. ನಲವತ್ತು ದಾಟುವ ಹೊತ್ತಿಗೆ ಅವರ ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತ ಬಂತು. ಅವರು ಯಾರಿಗೂ ಹೇಳಲಿಲ್ಲ. ಕೊಬ್ಬರಿಯನ್ನು ಮೂಸಿ, ಉಗುರಿನಿಂದ ಗೀಚಿ, ಬೆರಳಿನಿಂದ ಬಡಿದು ದರ ಹೇಳುತ್ತಿದ್ದರು. ಜನ ಅದನ್ನು ಅನುಭವವೆಂದುಕೊಂಡರು. ಒಂದು ಮಧ್ಯಾಹ್ನ, ಎದ್ದು ಹೋಗಿದ್ದ ಗಿರಾಕಿಯ ಖಾಲಿ ಜಾಗಕ್ಕೆ ಎಲೆ ಅಡಿಕೆ ತಟ್ಟೆ ಚಾಚಿಕೊಂಡು, "ತಗೊಳ್ಳಿ ಸ್ವಾಮಿ, ಸಂಕೋಚ ಯಾಕೆ?" ಎನ್ನುತ್ತ ಕೂತಿದ್ದರಂತೆ. ಶಾಲೆಯಿಂದ ಬಂದ ಓಂಕಾರ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಒಳಗೆ ಹೋಗಿ ಆ ತಟ್ಟೆಯಿಂದ ತಾನೇ ಒಂದು ಅಡಿಕೆ ಹೋಳು ತೆಗೆದುಕೊಂಡನಂತೆ, ಅಪ್ಪನಿಗೆ ಗೊತ್ತಾಗದಿರಲಿ ಎಂದು. ಈ ಕಥೆಯನ್ನು ಅವನು ನನಗೆ ಮೂರ್ನಾಲ್ಕು ಸಲ ಹೇಳಿದ್ದಾನೆ. ಪ್ರತಿ ಸಲವೂ ಅಡಿಕೆಯ ಹತ್ತಿರ ಬಂದು ನಿಲ್ಲಿಸಿಬಿಡುತ್ತಿದ್ದ.

ಎಪ್ಪತ್ತೈದನೇ ಇಸವಿಯ ಸುಮಾರಿಗೆ ಅವನಿಗೆ ಕೆಲಸ ಸಿಕ್ಕಿತು. ಕಾಡು, ಗೋಮಾಳ, ತೋಟಗಳಲ್ಲಿ ಮರದ ಹೊದಿಕೆ ಎಷ್ಟಿದೆಯೆಂದು ಅಂದಾಜು ಮಾಡುವ ತಾತ್ಕಾಲಿಕ ಕಚೇರಿಯೊಂದು ತರೀಕೆರೆಯ ಬಾಡಿಗೆ ಮನೆಯಲ್ಲಿ ತೆರೆದಿತ್ತು. ನಾನು ಆಗ ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಒಂದು ಸಂಜೆ ಕಚೇರಿಗೆ ಕರೆದುಕೊಂಡು ಹೋಗಿ ತನ್ನ ಮೇಜು ತೋರಿಸಿದ. ಒಂದೇ ಜಾಗದ ಎರಡು ಫೋಟೋ ಅಕ್ಕಪಕ್ಕ ಇಟ್ಟಿದ್ದ. ವಿಮಾನ ಸ್ವಲ್ಪ ಮುಂದೆ ಸರಿದ ಮೇಲೆ ತೆಗೆದದ್ದು ಎರಡನೆಯದು. ಮೇಲೆ ಕಾಲುಮಣೆಯ ಹಾಗೆ ನಿಂತ ಜೋಡಿ ಮಸೂರ. ಸ್ಟೀರಿಯೋಸ್ಕೋಪ್ ಎಂದ. ಬಗ್ಗಿ ನೋಡಿದೆ. ಮೊದಲು ಏನೂ ಇಲ್ಲ, ಬೂದು ಬಣ್ಣದ ಕಲೆಗಳು. ಆಮೇಲೆ ಎಡಗಣ್ಣಿನ ಚಿತ್ರ ಬಲಗಣ್ಣಿನ ಚಿತ್ರದ ಮೇಲೆ ಹೋಗಿ ಕೂತಿತು. ಲಿಂಗದಹಳ್ಳಿಯ ಕಡೆಯ ಗುಡ್ಡ ಕಾಗದದಿಂದ ಉಬ್ಬಿ ನನ್ನ ಮುಖದತ್ತ ಎದ್ದು ಬಂತು. ಅದರ ಮೇಲೆ ಒಂದೊಂದು ಮರವೂ ಬೇರೆ ಬೇರೆಯಾಗಿ ನಿಂತಿತ್ತು. ನಾನು ಬೀಳುವವನ ಹಾಗೆ ಮೇಜು ಹಿಡಿದುಕೊಂಡೆ.

"ಮೇಷ್ಟ್ರಿಗೆ ತಲೆ ತಿರುಗ್ತು!" ಎಂದು ಅವನು ಚಪ್ಪಾಳೆ ತಟ್ಟಿದ. "ಎಲೆಗಳ ನೆರಳು ನೆಲ ಪೂರ್ತಿ ಮುಚ್ಚಿದ್ರೆ ಹದಿನಾರಾಣೆ. ಅರ್ಧ ಮುಚ್ಚಿದ್ರೆ ಎಂಟಾಣೆ. ಬೆಳೆ ಅಂದಾಜು ಮಾಡ್ತಾರಲ್ಲ, ಅಂಗೇ ಕಣೋ. ಸಾಹೇಬ್ರು ಪರ್ಸೆಂಟ್ ಅಂತಾರೆ, ನಾನು ಒಳಗೊಳಗೆ ಆಣೆ ಲೆಕ್ಕ."

ಅದಾಗಿ ಮೂರು ವರ್ಷಕ್ಕೆ ತರೀಕೆರೆಯ ಕೆರೆ ಏರಿಯ ಮೇಲೆ ನಡೆಯುತ್ತಿದ್ದಾಗ ಎಡಗಡೆಯಿಂದ ಬಂದ ಸೈಕಲ್ಲಿಗೆ ಅವನು ಅಡ್ಡ ಹೋದ. ಸೈಕಲ್ಲಿನವನು ಬಿದ್ದು ಎದ್ದು, "ಕಣ್ಣು ಕಾಣಲ್ವೇನ್ರೀ?" ಎಂದು ಕೂಗಿದ. ಮೂರ್ತಿ ಏರಿಯ ಕಲ್ಲಿನ ಮೇಲೆ ಕೂತುಬಿಟ್ಟ. ಸೈಕಲ್ಲು ಹೋದಮೇಲೆ, ನೀರನ್ನು ನೋಡುತ್ತ ಹೇಳಿದ:

"ಲೇ ತೀರ್ಥ, ಮರ ಎದ್ದೇಳ್ತಿಲ್ಲ ಕಣೋ."

ನನಗೆ ತಿಳಿಯಲಿಲ್ಲ.

"ಮಸೂರದೊಳಗೆ. ಆರು ತಿಂಗಳಾಯ್ತು. ಎಲ್ಲಾ ಚಪ್ಪಟೆ. ಎಡಗಣ್ಣು ಹೋಗ್ತಾ ಐತೆ."

ನಾವಿಬ್ಬರೂ ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿನ ನರ ಒಣಗುತ್ತಿದೆ, ಎಡಗಣ್ಣು ಹಿಂದಕ್ಕೆ ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಬಲಗಣ್ಣು ಉಳಿಯಬಹುದು ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಮೂರ್ತಿ ಇಲ್ಲ ಎಂದ. ಬಸ್ಸಿನಲ್ಲಿ ಕೂತಮೇಲೆ ನನ್ನ ಕಡೆ ತಿರುಗಿ, "ಅಪ್ಪನ ಕಣ್ಣೇ ಬಂತು" ಎಂದ.

ಎರಡು ಕಣ್ಣಿನ ದೃಷ್ಟಿ ಕೂಡದೆ ಆ ಕೆಲಸವಿಲ್ಲ. ಅವನ ನೌಕರಿ ಕಾಯಂ ಆಗಿರಲಿಲ್ಲ. ಮದುವೆಯಾಗಿ ವರ್ಷ ಕಳೆದಿತ್ತು, ಹೆಂಡತಿ ವಿಮಲಮ್ಮ ಬಸುರಿ. ಕಚೇರಿಯಲ್ಲಿ ತಿಳಿದರೆ ಅನ್ನ ಹೋಗುತ್ತದೆ, ಕಡೂರಿನಲ್ಲಿ ತಿಳಿದರೆ ಹುಟ್ಟುವ ಮಗುವನ್ನೂ ಸೇರಿಸಿ ಕುರುಡರ ಮನೆ ಎನ್ನುತ್ತಾರೆ. ಹೀಗೆಂದು ಅವನು ಮುಚ್ಚಿಟ್ಟ. ಅವನ ಅಪ್ಪ ಕೊಬ್ಬರಿ ಮೂಸಿದ ಹಾಗೆ ಇವನು ನೆರಳು ಹಿಡಿದ. ಮರದ ಪಕ್ಕ ಬಿದ್ದ ನೆರಳಿನ ಉದ್ದ ನೋಡಿ ಎತ್ತರ ಊಹಿಸುತ್ತಿದ್ದ. ಸಂಶಯ ಬಂದ ಜಾಗಕ್ಕೆ ಭಾನುವಾರ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದ. ಸಖರಾಯಪಟ್ಟಣದ ತೆಂಗಿನ ಸಾಲುಗಳನ್ನು ನಾವಿಬ್ಬರೂ ಸುಮ್ಮನೆ ಸುತ್ತಾಡುವವರ ಹಾಗೆ ಬಿಸಿಲಲ್ಲಿ ಅಲೆದಿದ್ದೇವೆ. ಕಚೇರಿಯಲ್ಲಿ ಯಾರಾದರೂ ಹಿಂದೆ ಬಂದು ನಿಂತರೆ ಅವನ ಬೆವರು ಮಸೂರದ ಮೇಲೆ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಎಡಗಣ್ಣಿಗೆ ಅಂಗೈ ಮುಚ್ಚಿ, ಎದುರುಮನೆಯ ತೆಂಗಿನ ಮರವನ್ನು ಬಲಗಣ್ಣಿನಿಂದ ನೋಡುವನು. ಗರಿಯ ತುದಿಗಳು ಬಿಡಿಬಿಡಿಯಾಗಿ ಕಂಡರೆ ಮಾತ್ರ ಮುಖ ತೊಳೆಯಲು ಹೋಗುವನು.

ಎಂಬತ್ತರ ಜನವರಿಯಲ್ಲಿ ಅವನು ಹೆದರಿದ್ದ ದಿನ ಬಂತು.

ಅಜ್ಜಂಪುರದಾಚೆ ಬಸ್ಸು ಹೋಗದ ಒಂದು ಕಾವಲು. ಕಾವಲೆಂದರೆ ಹಿಂದಿನ ಕಾಲದಿಂದ ದನಗಳ ಮೇವಿಗೆಂದು ಬಿಟ್ಟ ಹುಲ್ಲುನೆಲ. ಮೈಲುಗಟ್ಟಲೆ ಹುಲ್ಲು, ಅಲ್ಲಲ್ಲಿ ಒಂದೊಂದು ಜಾಲಿ. ಹಿಂದಿನ ವರ್ಷ ತೆಗೆದ ಫೋಟೋದಲ್ಲಿ ಆ ಕಾವಲಿನ ನಡುವೆ, ಹರವಿದ ಕಂಬಳಿಯ ಹಾಗೆ ಒಂದು ದೊಡ್ಡ ಕಪ್ಪು ತುಂಡಿತ್ತು. ಮೂರ್ತಿ ಅದನ್ನು ಹನ್ನೆರಡಾಣೆ ಮರದ ಹೊದಿಕೆ ಎಂದು ಗುರುತಿಸಿದ್ದ. ಕಚೇರಿಯ ಮುಖ್ಯಸ್ಥರು ಮುನಿಯಪ್ಪನವರು, ಕೋಲಾರದ ಕಡೆಯವರು, ಸದಾ ಬಾಯಲ್ಲಿ ಎಲೆ ಅಡಿಕೆ. ಅವರಿಗೆ ಕುತೂಹಲವಾಯಿತು. "ಹುಲ್ಲಿನ ನಡುವೆ ಇಷ್ಟು ದಟ್ಟ ಕಾಡಾ? ಹೋಗಿ ನೋಡೇ ಬಿಡೋಣ" ಎಂದರು.

ಮೂರ್ತಿ ನನ್ನ ಮನೆಗೆ ಬಂದು ಹೊಸಿಲಲ್ಲೇ ನಿಂತ. "ನಾಳೆ ರಜ ಹಾಕು. ಜೀಪಲ್ಲಿ ಜಾಗ ಐತೆ, ಸಾಹೇಬ್ರನ್ನ ಕೇಳಿದೀನಿ. ಅಲ್ಲಿ ಹಳ್ಳ ದಿಣ್ಣೆ. ನಾನು ಎಡವಿದ್ರೆ ಅಲ್ಲೇ ಗೊತ್ತಾಗ್ಬಿಡ್ತದೆ. ಎಡಗಡೆ ಇರು."

ಜೀಪು ನಿಂತಾಗ ಬಿಸಿಲೇರಿತ್ತು. ಕಣ್ಣು ಹಾಯುವವರೆಗೂ ಹುಲ್ಲು. ಫೋಟೋ ಪ್ರಕಾರ ನಾವು ನಿಂತದ್ದು ಕಾಡಿನ ನಟ್ಟನಡುವೆ. ಅಲ್ಲಿ ತಲೆಗೆ ನೆರಳಾಗುವಷ್ಟು ಒಂದು ಗಿಡವೂ ಇರಲಿಲ್ಲ. ಮೂರ್ತಿ ನನ್ನ ತೋಳನ್ನು ಹಿಡಿದ.

"ಏನ್ರೀ ಮೂರ್ತಿ, ನಿಮ್ಮ ಕಾಡೆಲ್ಲಿ?" ಎಂದರು ಮುನಿಯಪ್ಪನವರು. ಇನ್ನೂ ನಗುತ್ತಲೇ ಇದ್ದರು. "ಬೇರೆ ಜಾಗಕ್ಕೆ ಬಂದ್ವಾ?"

ಬೇರೆ ಜಾಗವಲ್ಲ. ಹಳ್ಳದ ತಿರುವು, ಮೂರು ಬಂಡೆ, ಬಂಡಿ ಜಾಡು ಎಲ್ಲ ಫೋಟೋದಲ್ಲಿದ್ದ ಹಾಗೇ ಇದ್ದವು.

ದಿಣ್ಣೆಯ ಮೇಲೆ ಕುರಿ ಮೇಯಿಸುತ್ತಿದ್ದ ಮುದುಕನನ್ನು ಜೊತೆಗಿದ್ದ ಫಾರೆಸ್ಟ್ ಗಾರ್ಡು ಕೂಗಿ ಕರೆದ. ಹೆಸರು ಚಿಕ್ಕಬೀರಪ್ಪ, ಕಾವಲಿನ ಅಂಚಿನ ಹಟ್ಟಿಯವನು. ಹಿಂದೆಯೇ ಅವನ ಹೆಂಡತಿ ಈರಕ್ಕ ಬುತ್ತಿಯ ಗಂಟು ಹಿಡಿದು ಬಂದಳು.

"ಏನಯ್ಯಾ, ಇಲ್ಲಿದ್ದ ಮರ ಎಲ್ಲಿ?" ಗಾರ್ಡು ಕೇಳಿದ.

"ಯಾವ ಮರ ಬುದ್ಧಿ? ನಮ್ಮಪ್ಪನ ಕಾಲದಿಂದ್ಲೂ ಇಲ್ಲಿ ಹುಲ್ಲೇಯಾ."

"ಫೋಟೋದಾಗೆ ಐತೆ. ಫೋಟೋ ಸುಳ್ಳು ಹೇಳ್ತದಾ? ಕಡ್ದು ಇದ್ಲು ಸುಟ್ಟು ಮಾರ್ಕೊಂಡಿದೀರಿ."

"ಅಯ್ ನಿಮ್ಮ!" ಈರಕ್ಕ ಗಂಟು ಕೆಳಗಿಟ್ಟಳು. "ಮರ ತಿಂದೋರು ಬುಡನಾದ್ರೂ ಉಗೀಬೇಕಲ್ಲ ಸ್ವಾಮಿ? ಎಲ್ಲೈತೆ ಬುಡ, ತೋರ್ಸಿ. ನಮ್ ಕುರಿ ಏನು ಬೇರ್‌ಸಮೇತ ಮೇಯ್ತವಾ?"

ಡ್ರೈವರ್ ನಕ್ಕುಬಿಟ್ಟ. ಮುನಿಯಪ್ಪನವರು ಮಾತ್ರ ಈಗ ನಗುತ್ತಿರಲಿಲ್ಲ. "ಬೇರು ಕಿತ್ತು ಮಾರೋರೂ ಇದಾರಮ್ಮ" ಎಂದರು. "ಒಂದು ವರ್ಷದಲ್ಲಿ ಇಷ್ಟು ಮರ ಹೋಗಿದೆ ಅಂದ್ರೆ ನಾನು ಮೇಲಕ್ಕೆ ತಿಳಿಸ್ಲೇಬೇಕು. ಗಾರ್ಡೇ, ಹಟ್ಟಿಯವರ ಹೆಸರು ಬರ್ಕೊಳ್ಳಿ."

ಈರಕ್ಕ ಗಂಡನ ಪಕ್ಕಕ್ಕೆ ಸರಿದಳು. ಚಿಕ್ಕಬೀರಪ್ಪ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಒತ್ತಿ ಹಿಡಿದ.

ಮೂರ್ತಿ ಅಷ್ಟರಲ್ಲಿ ಪಕ್ಕಕ್ಕೆ ಸರಿದು ಕುಕ್ಕುರುಗಾಲಲ್ಲಿ ಕೂತಿದ್ದ. ಒಂದು ಹುಲ್ಲಿನ ಬುಡವನ್ನು ಬೆರಳಿನಿಂದ ಬಿಡಿಸಿದ. ಮೇಲೆ ಹೊಸ ಹುಲ್ಲು. ಒಳಗೆ, ಬುಡದ ಹಳೆಯ ಕೂಳೆ ಕರಿ ಹಿಡಿದಿತ್ತು. ಅವನ ಬೆರಳು ಮಸಿಯಾಯಿತು. ನಾನು ನೋಡಿದೆ. ಚಿಕ್ಕಬೀರಪ್ಪನೂ ನೋಡಿದ. ಆ ಮುದುಕನ ಮುಖದಲ್ಲಿ ಆಗ ಕಂಡ ಭಯ ಗಾರ್ಡು ಗದರಿಸಿದಾಗ ಕಂಡದ್ದಕ್ಕಿಂತ ದೊಡ್ಡದು.

ಶಿವರಾತ್ರಿ ಕಳೆದ ಮೇಲೆ ಒಣಹುಲ್ಲಿಗೆ ಬೆಂಕಿ ಕೊಡುವುದು ಆ ಕಡೆಯ ಕುರಿಯವರ ಹಳೆಯ ಪದ್ಧತಿ. ಸುಟ್ಟ ನೆಲದಲ್ಲಿ ಮೊದಲ ಮಳೆಗೆ ಎಳೆಹುಲ್ಲು ಬೇಗ ಬರುತ್ತದೆ. ಸರ್ಕಾರದ ಕಣ್ಣಿನಲ್ಲಿ ಅದು ಅಪರಾಧ. ವಿಮಾನ ಹಾರಿದ್ದು ಅಂಥ ಬೆಂಕಿಯ ಹಿಂದೆಯೇ. ಮೇಲಿನಿಂದ ಸುಟ್ಟ ಹುಲ್ಲೂ ಕಪ್ಪು, ದಟ್ಟ ಮರವೂ ಕಪ್ಪು. ಎರಡು ಕಣ್ಣಿನಿಂದ ನೋಡಿದವನಿಗೆ ಒಂದು ಎದ್ದು ನಿಲ್ಲುತ್ತದೆ, ಇನ್ನೊಂದು ನೆಲದಲ್ಲೇ ಮಲಗಿರುತ್ತದೆ. ಒಂದು ಕಣ್ಣಿನವನಿಗೆ ಎರಡೂ ಒಂದೇ.

ಬೆಂಕಿ ಎಂದು ಬಾಯಿಬಿಟ್ಟರೆ ಹಟ್ಟಿಯವರಿಗೆ ಬೆಂಕಿಯ ಕೇಸು. ಸುಮ್ಮನಿದ್ದರೆ ಮರ ಕಡಿದ ಕೇಸು. ಮೂರ್ತಿ ಕೂತಲ್ಲಿಂದ ಏಳಲಿಲ್ಲ. ನಾನು ಅವನ ಎಡಗಡೆ ನಿಂತಿದ್ದೆ. ಮಗಳು ಹುಟ್ಟಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅವನು ಏನನ್ನೂ ಹೇಳುವುದಿಲ್ಲ ಎಂದೇ ನಾನು ಎಣಿಸಿದೆ. ಅವನು ಮಸಿ ಬೆರಳನ್ನು ಪ್ಯಾಂಟಿನ ಜೇಬಿನೊಳಗೆ ಒರೆಸಿಕೊಂಡು ಎದ್ದ.

"ಸಾರ್, ಹೆಸರು ಬರೀಬೇಡಿ. ಇಲ್ಲಿ ಮರ ಇರ್ಲಿಲ್ಲ. ನಂಗೆ ಎಡಗಣ್ಣು ಕಾಣಲ್ಲ."

"ಏನಂದ್ರಿ?"

"ಎರಡು ವರ್ಷ ಆಗ್ತಾ ಬಂತು ಸಾರ್. ಯಾವ ಮರಾನೂ ನಂಗೆ ಎದ್ದು ಕಾಣಲ್ಲ. ಕಪ್ಪಗಿದ್ದಿದ್ನ ಕಾಡು ಅಂತ ಬರ್ದ್ಬಿಟ್ಟೆ."

ಮುನಿಯಪ್ಪನವರು ಜೀಪಿನಿಂದ ಮಡಚುವ ಪುಟ್ಟ ಸ್ಟೀರಿಯೋಸ್ಕೋಪ್ ತೆಗೆದರು. ಬಾನೆಟ್ಟಿನ ಮೇಲೆ ಎರಡು ಫೋಟೋ ಜೋಡಿಸಿ, ಗಾಳಿಗೆ ಹಾರದ ಹಾಗೆ ಮೊಣಕೈ ಊರಿ ಬಗ್ಗಿದರು. ಅಷ್ಟು ದಿನ ಅವರು ಮೂರ್ತಿಯ ಕೆಲಸವನ್ನು ಮತ್ತೆ ನೋಡಿಯೇ ಇರಲಿಲ್ಲ, ಅಷ್ಟು ನಂಬಿಕೆ. ಬಹಳ ಹೊತ್ತು ನೋಡಿ ತಲೆಯೆತ್ತಿದರು.

"ರೊಟ್ಟಿ ಹಂಚಿನ ಥರ ಮಟ್ಟಸ ಇದೆಯಲ್ರೀ. ಮತ್ತೆ ಈ ಕಪ್ಪು ಏನು?"

"ಗೊತ್ತಿಲ್ಲ ಸಾರ್. ನನ್ನ ಕಣ್ಣನ್ನ ನಂಬ್ಬೇಡಿ."

ಮುನಿಯಪ್ಪನವರು ಚಿಕ್ಕಬೀರಪ್ಪನನ್ನು ನೋಡಿದರು. ಕಾಲಡಿಯ ಹುಲ್ಲನ್ನು ನೋಡಿದರು. ಬೂಟಿನ ತುದಿಯಿಂದ ಒಂದು ಬುಡವನ್ನು ಸ್ವಲ್ಪ ಕೆದಕಿ, ಮತ್ತೆ ಅದರ ಮೇಲೆ ಮಣ್ಣು ಸರಿಸಿದರು. ಎಲೆ ಅಡಿಕೆ ಉಗಿದು, "ಮೋಡದ ನೆರಳು ಇರ್ಬೇಕು. ಹಂಗೇ ಬರ್ಕೊಳ್ಳಿ" ಎಂದರು.

ಹೊರಡುವಾಗ ಈರಕ್ಕ ಕುಡಿಕೆಯಲ್ಲಿ ಮಜ್ಜಿಗೆ ತಂದಳು. ಎಡಗಡೆಯಿಂದ ಬಂದವಳು ಅರ್ಧದಲ್ಲಿ ನೆನಪಾಗಿ ಸುತ್ತು ಹಾಕಿ, ಬಲಗಡೆಗೆ ಬಂದು ಚಾಚಿದಳು. "ಒಂದು ಹೋದ್ರೆ ಹೋಯ್ತು ಕಣಪ್ಪಾ. ಉಳ್ದಿದ್ದ ಜೋಪಾನ ಮಾಡ್ಕೋ." ಅವನಿಗೆ ಕುಡಿಯಲಾಗಲಿಲ್ಲ.

ಅವನ ಎರಡು ವರ್ಷದ ಕೆಲಸವನ್ನೆಲ್ಲ ಬೇರೆಯವರು ಮತ್ತೆ ನೋಡಿದರು. ಅಲ್ಲಲ್ಲಿ ತಪ್ಪುಗಳು ಸಿಕ್ಕವು. ಮಸೂರದ ಮೇಜಿನಿಂದ ಅವನನ್ನು ಎಬ್ಬಿಸಿ, ಕಡಿಮೆ ಸಂಬಳಕ್ಕೆ ನಕ್ಷೆಗಳನ್ನು ತಿದ್ದಿ ಬರೆಯುವ ಮೂಲೆಗೆ ಕೂರಿಸಿದರು. ಪೂರ್ತಿ ತೆಗೆದುಹಾಕದಂತೆ ನೋಡಿಕೊಂಡವರು ಮುನಿಯಪ್ಪನವರೇ. ಸುದ್ದಿ ಕಡೂರಿಗೂ ಬಂತು. ಮಂಡಿಯವರು ಗೇಲಿ ಮಾಡುವುದನ್ನು ಬಿಟ್ಟರು. "ಅವರು ಸುಮ್ನಾದ್ರಲ್ಲ, ಅದು ಕಷ್ಟ ಕಣೋ" ಎಂದಿದ್ದ ಮೂರ್ತಿ.

ವಿಮಲಮ್ಮನಿಗೆ ಹೇಳಲು ನನ್ನನ್ನು ಜೊತೆಗೆ ಕೂರಿಸಿಕೊಂಡ. ಆಕೆ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆಯೆತ್ತಲಿಲ್ಲ. "ನಂಗೆ ಗೊತ್ತಿತ್ತು ಕಣ್ರೀ. ಎಲೆಯ ಎಡಗಡೆ ಬಡಿಸಿದ ಉಪ್ಪಿನಕಾಯಿ ದಿನಾ ಹಂಗೇ ಉಳೀತಿತ್ತಲ್ಲ. ಆಮೇಲಾಮೇಲೆ ನಾನೇ ಬಲಗಡೆ ಬಡಿಸೋಕೆ ಶುರು ಮಾಡಿದ್ದೆ. ಅದೂ ನಿಮಗೆ ಕಾಣಲಿಲ್ಲ."

ಎಂಬತ್ತನಾಲ್ಕರ ಸುಮಾರಿಗೆ ಕಚೇರಿಗೆ ಹೊಸ ಚಿತ್ರಗಳು ಬಂದವು. ಉಪಗ್ರಹದಿಂದ ತೆಗೆದವು. ಅವುಗಳಲ್ಲಿ ಹಸಿರೆಲ್ಲ ಕೆಂಪು. ದಟ್ಟ ಕಾಡು ಕುಂಕುಮದಂತೆ, ತೆಳು ಪೊದೆ ಮಾಸಿದ ಗುಲಾಬಿಯಂತೆ. ಅವುಗಳನ್ನು ಜೋಡಿಸಿ ಎತ್ತರ ನೋಡುವ ಗೊಡವೆಯಿಲ್ಲ, ಬಣ್ಣ ನೋಡಿ ಗೆರೆ ಎಳೆದರಾಯಿತು. ಮುನಿಯಪ್ಪನವರು ಮೂರ್ತಿಯನ್ನು ಮತ್ತೆ ಮೇಜಿಗೆ ಕರೆದರು. ಅವತ್ತು ಅವನು ಶಾಲೆಯ ಗೇಟಿನವರೆಗೂ ಓಡಿಬಂದಿದ್ದ. "ಲೇ, ಇದ್ರಲ್ಲಿ ಯಾರಿಗೂ ಮರ ಎದ್ದೇಳಲ್ಲ ಕಣೋ! ಎಲ್ರೂ ನನ್ನಂಗೇ!"

ಅಜ್ಜಂಪುರದ ಹಾಳೆಯಲ್ಲಿ, ಆ ಕಾವಲಿನ ಜಾಗದಲ್ಲಿ, ಕೆಂಪಲ್ಲದ ಒಂದು ಕರಿ ಮಚ್ಚೆಯಿತ್ತು. ಬೆರಳಿಟ್ಟು ತೋರಿಸಿದ. "ಚಿಕ್ಕಬೀರಪ್ಪನ ಮೋಡ ಬಂದೈತೆ ನೋಡು." ಅದರ ಮೇಲೆ ಏನೆಂದು ಬರೆದೆ ಎಂದು ಕೇಳಿದೆ. "ಹುಲ್ಲು ಅಂತ. ಹುಲ್ಲೇ ಅಲ್ವಾ?"

ಆ ನಾಲ್ಕು ವರ್ಷ ಅವನು ಸುಖವಾಗಿದ್ದ ಎಂದು ಬರೆಯಲು ಮನಸ್ಸಾಗುತ್ತದೆ. ಹಾಗಿರಲಿಲ್ಲ. ಬೆಳಿಗ್ಗೆ ಅಂಗೈ ಮುಚ್ಚಿ ತೆಂಗಿನ ಮರ ನೋಡುವುದನ್ನು ಒಂದು ದಿನವೂ ಬಿಡಲಿಲ್ಲ. ಮಬ್ಬು ಕವಿದ ಮುಂಜಾನೆಗಳಲ್ಲಿ ಮಬ್ಬು ಹೊರಗಿನದೋ ಒಳಗಿನದೋ ತಿಳಿಯದೆ, ಬಿಸಿಲು ಬರುವವರೆಗೂ ಜಗಲಿಯಲ್ಲೇ ನಿಂತಿರುತ್ತಿದ್ದನಂತೆ. ಎಂಬತ್ತೆಂಟರ ಮಳೆಗಾಲದಲ್ಲಿ ಕಾಮಾಲೆಯಾಯಿತು. ನಾಟಿ ಔಷಧಿ, ಪಥ್ಯ ಎಂದು ದಿನ ಕಳೆದು, ಕೊನೆಗೆ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು. ಕಡೆಯ ದಿನ ಬೆಳಿಗ್ಗೆ ತನ್ನನ್ನು ಕಿಟಕಿಯ ಕಡೆ ಹೊರಳಿಸಲು ಹೇಳಿದ. ಹೊರಗೆ ಒಂದು ಹೊಂಗೆ ಮರ. ಕೈ ಎತ್ತಲು ಆಗುತ್ತಿರಲಿಲ್ಲ. ನಾನೇ ಅವನ ಎಡಗಣ್ಣಿನ ಮೇಲೆ ನನ್ನ ಅಂಗೈ ಇಟ್ಟೆ.

"ಎಲೆ ಬಿಡಿಬಿಡಿಯಾಗಿ ಕಾಣ್ತವೆ" ಎಂದ. ಮಧ್ಯಾಹ್ನ ಹೋದ. ಅವನು ಅಷ್ಟು ವರ್ಷ ಹೆದರಿದ್ದ ಕುರುಡು ಬರಲಿಲ್ಲ. ಬರುವಷ್ಟು ಕಾಲ ಅವನು ಉಳಿಯಲಿಲ್ಲ.

ಈ ವರ್ಷ ಬೇಸಿಗೆ ರಜದಲ್ಲಿ ವಿಮಲಮ್ಮ ನನ್ನನ್ನು ಕರೆಸಿದರು. "ತೀರ್ಥಪ್ಪನೋರೇ, ಮಲ್ಲಿನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ಬನ್ನಿ. ಆ ಡಾಕ್ಟ್ರ ಬಾಯಿಂದ ಕೇಳೋ ಧೈರ್ಯ ನಂಗಿಲ್ಲ." ಮಲ್ಲಿ ಅವನ ಮಗಳು, ಹತ್ತು ವರ್ಷ. ತನ್ನ ತಾಯಿ ಮಲ್ಲಿಕಾಂಬನವರ ಹೆಸರನ್ನೇ ಮೂರ್ತಿ ಅವಳಿಗೆ ಇಟ್ಟಿದ್ದ. ಅದೇ ಡಾಕ್ಟರು, ಈಗ ತಲೆ ನರೆತಿದೆ. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಮತ್ತೆ ಕೇಳಿದರು. ತಂದೆಗೆ, ಅಜ್ಜನಿಗೆ ಎಂದೆ. ಬಹಳ ಹೊತ್ತು ಪರೀಕ್ಷೆ ಮಾಡಿ, ಸದ್ಯಕ್ಕೆ ಏನೂ ಇಲ್ಲ, ವರ್ಷ ವರ್ಷ ತೋರಿಸುತ್ತಿರಿ ಎಂದರು.

ಸಂಜೆ ಕಡೂರಿನಲ್ಲಿ ಬಸ್ಸಿಳಿದೆವು. ನಾನು ಹಣ್ಣು ಕೊ‍ಳ್ಳಲು ನಿಂತು ತಿರುಗಿ ನೋಡಿದರೆ ಮಲ್ಲಿ ಎಡಗಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡು ರಸ್ತೆಯಾಚೆಯ ತೆಂಗಿನ ಮರ ನೋಡುತ್ತಿದ್ದಳು.

"ಏನೇ ಅದು?"

"ಅಪ್ಪ ನೋಡ್ತಿದ್ರಲ್ಲ, ಹಂಗೆ."

"ಕಾಣ್ತದಾ?"

"ಹೂಂ." ಅಂಗೈಯನ್ನು ಬಲಗಣ್ಣಿಗೆ ಬದಲಾಯಿಸಿದಳು.

"ಈಗ?"

ಅವಳು ಕತ್ತು ಚಾಚಿ ಮರದ ತುದಿಯನ್ನೇ ನೋಡುತ್ತ ನಿಂತಳು. ನಾನು ಕೈಚೀಲ ಕೆಳಗಿಟ್ಟೆ. ಹಿಂದೆ ಬಸ್ಸೊಂದು ಹಾರನ್ ಮಾಡುತ್ತ ಹೋಯಿತು. ಅವಳು ಆಮೇಲೆ ಕೈ ತೆಗೆದು, "ಸುಮ್ನಿರಿ ಮಾವ, ಗರಿ ಮೇಲೆ ಗಿಳಿ ಕೂತಿತ್ತು, ಓಡಿಸ್ಬಿಟ್ರಿ" ಎಂದಳು.